ಬೀದರಿನಿಂದ ತಂದ ಕಪ್ಪು ಡಬ್ಬಿ

ಡಬ್ಬಿಯ ತೂಕ 390 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಎರಡು ಸಲ ಇಟ್ಟು ನೋಡಿದ್ದೇನೆ. ಅಗಲ ಮೂರು ಅಂಗುಲ, ಎತ್ತರ ಒಂದೂವರೆ ಅಂಗುಲಕ್ಕಿಂತ ತುಸು ಹೆಚ್ಚು. ದುಂಡಗಿನ ಮುಚ್ಚಳದ ಮೇಲೆ ಬೆಳ್ಳಿಯ ತಂತಿಯಲ್ಲಿ ಸುತ್ತಿ ಸುತ್ತಿ ಹೋಗುವ ಬಳ್ಳಿ, ನಡುವೆ ಒಂದೇ ಒಂದು ಹೂವು, ಉಳಿದದ್ದೆಲ್ಲ ಕಪ್ಪು. ಬೀದರಿನ ಒಂದು ಓಣಿಯ ಕಾರ್ಯಾಗಾರದಲ್ಲಿ ಕಳೆದ ದಸರಾ ರಜೆಯಲ್ಲಿ ಕೊಂಡದ್ದು. ಕೊಟ್ಟ ಬೆಲೆ 2,600 ರೂಪಾಯಿ. ಮೂರು ತಿಂಗಳು ಬಳಸಿದ ಮೇಲೆಯೇ ಬರೆಯಬೇಕೆಂದು ಕಾದಿದ್ದೆ. ಬಿದರಿ, ಅಂದರೆ ಸತುವಿನ ಮಿಶ್ರಲೋಹದಲ್ಲಿ ಬೆಳ್ಳಿ ಕೂರಿಸಿ ಕಪ್ಪಾಗಿಸಿದ ಸಾಮಾನು, ಅಂಗಡಿಯ ದೀಪದ ಕೆಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಅದರ ನಿಜವಾದ ಗುಣ ತಿಳಿಯುವುದು ಮನೆಯಲ್ಲಿ, ದಿನವೂ ಕೈ ತಾಕುತ್ತಾ ಬಂದ ಮೇಲೆ.

ಬೀದರಿಗೆ ಹೋಗಬೇಕೆಂದು ನಾವು ಹೊರಟವರೇ ಅಲ್ಲ. ಹೈದರಾಬಾದಿನ ಮನೆಯಿಂದ ಬೆಳಿಗ್ಗೆ ಆರಕ್ಕೆ ಪಂಢರಪುರಕ್ಕೆ ಹೊರಟಿದ್ದೆವು: ನಾನು, ನನ್ನ ಯಜಮಾನರು, ಹತ್ತನೆಯ ತರಗತಿಯ ಮಗಳು, ಆರನೆಯ ತರಗತಿಯ ಮಗ, ಹಿಂದಿನ ಸೀಟಿನ ಕಿಟಕಿಯ ಪಕ್ಕ ಅತ್ತೆ. ಸೊಲ್ಲಾಪುರದ ಹೆದ್ದಾರಿಯಲ್ಲಿ ಸುಮಾರು ನೂರು ಕಿಲೋಮೀಟರ್ ಸಾಗಿ ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸಿದೆವು. ಬಲಗಡೆಗೆ ಬೀದರ್ ಎಂದು ತೋರಿಸುವ ಫಲಕ. ಅಲ್ಲಿಂದ ಮೂವತ್ತು ಕಿಲೋಮೀಟರ್ ಅಷ್ಟೇ. ಹನ್ನೊಂದು ವರ್ಷಗಳಿಂದ ಆ ಫಲಕವನ್ನು ನೋಡುತ್ತಾ ಹಾದುಹೋಗಿದ್ದೇನೆ. ಪ್ರತಿ ಸಲವೂ ಒಂದು ಮಾತು ಬಾಯಿಗೆ ಬಂದು ನಿಲ್ಲುತ್ತಿತ್ತು. ಆ ದಿನ ಹೇಳಿಬಿಟ್ಟೆ. "ಅಜ್ಜಿಯ ಡಬ್ಬಿ ಬಂದ ಊರು ಅದು. ಒಂದು ಸಲ ನೋಡಿಕೊಂಡು ಹೋಗೋಣವೇ?" ಯಜಮಾನರು ಅತ್ತೆಯ ಮುಖ ನೋಡಿದರು. ಅತ್ತೆ ಲೋಟ ಕೆಳಗಿಟ್ಟು, "ವಿಠ್ಠಲ ಇಟ್ಟಿಗೆಯ ಮೇಲೆ ನಿಂತೇ ಇರುತ್ತಾನಮ್ಮಾ, ಸಂಜೆಯೊಳಗೆ ಅವನೇನು ಎಲ್ಲಿಗೂ ಹೋಗುವುದಿಲ್ಲ. ನಡಿ" ಎಂದರು.

ಅಜ್ಜಿಯ ಡಬ್ಬಿಯ ಕಥೆಯನ್ನು ಇಲ್ಲಿ ಹೇಳದೆ ಈ ವಿಮರ್ಶೆ ಪೂರ್ತಿಯಾಗುವುದಿಲ್ಲ. ನನ್ನ ತವರು ಧಾರವಾಡ. 1956ರಲ್ಲಿ ಬೀದರ್ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಕಲಿಸಲು ಅಲ್ಲಿಗೆ ವರ್ಗವಾಗಿ ಹೋದವರಲ್ಲಿ ನಮ್ಮ ಅಜ್ಜನೂ ಒಬ್ಬರು. ಮರಳಿ ಬರುವಾಗ ಅಜ್ಜಿಗೆಂದು ಎಲೆಅಡಿಕೆ ಇಡುವ ಬಿದರಿ ಡಬ್ಬಿಯೊಂದನ್ನು ತಂದಿದ್ದರು. ನನಗೆ ಹದಿಮೂರು ವರ್ಷವಾಗಿದ್ದಾಗ ಒಂದು ದೀಪಾವಳಿಗೆ, ಮನೆಯ ಹಿತ್ತಾಳೆ ತಾಮ್ರಗಳ ಜೊತೆಗೆ ಅದಕ್ಕೂ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ತೊಳೆದೆ. ಬೆಳ್ಳಿ ಹೊಳೆಯಲಿ ಎಂಬ ಆಸೆ. ಬೆಳ್ಳಿ ಹೊಳೆಯಿತು. ಕಪ್ಪು ಹೋಯಿತು. ಹೂವು ಬಳ್ಳಿಗಳೆಲ್ಲ ಬೂದುಬಣ್ಣದ ಲೋಹದೊಳಗೆ ಕರಗಿದಂತೆ ಮಂಕಾದವು. ಅಜ್ಜಿ ಬೈಯಲಿಲ್ಲ. ಡಬ್ಬಿಯನ್ನು ಸೆರಗಿನಿಂದ ಒರೆಸಿ, ಎಲೆ ತುಂಬಿ, ಎಂದಿನ ಜಾಗದಲ್ಲೇ ಇಟ್ಟರು. ಮುಂದೆ ನಾನು ರಸಾಯನಶಾಸ್ತ್ರ ಓದಿ ಶಾಲೆಯಲ್ಲಿ ವಿಜ್ಞಾನ ಕಲಿಸುವವಳಾದೆ. ಆಮ್ಲಕ್ಕೂ ಸತುವಿಗೂ ಇರುವ ಸಂಬಂಧವನ್ನು ಪಾಠ ಮಾಡುವಾಗಲೆಲ್ಲ ಆ ಡಬ್ಬಿ ಕಣ್ಣ ಮುಂದೆ ಬರುತ್ತದೆ.

ಬೀದರಿನ ದಾರಿಯಲ್ಲಿ ಮಣ್ಣು ಕೆಂಪಾಗುತ್ತಾ ಹೋಗುತ್ತದೆ. ಊರು ಕೂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಅಂಚಿನಲ್ಲಿ. ಕೋಟೆಯ ಗೋಡೆಯೂ ಅದೇ ಕೆಂಪು. ಮೊದಲು ಸಿಕ್ಕಿದ್ದು ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನಿನಿಂದ ವ್ಯಾಪಾರಕ್ಕೆ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು 1472ರಲ್ಲಿ ಪೂರ್ಣಗೊಳಿಸಿದ ವಿದ್ಯಾಲಯ. ಒಂಬತ್ತು ವರ್ಷಗಳ ನಂತರ, ಅವನ ಹೆಸರಿನಲ್ಲಿ ಹಗೆಗಳು ಸೃಷ್ಟಿಸಿದ ಸುಳ್ಳು ಪತ್ರವನ್ನು ನಂಬಿ ಸುಲ್ತಾನನೇ ಅವನ ತಲೆ ತೆಗೆಸಿದ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಮುಂಭಾಗದ ಒಂದು ಪಾಲು ಉರುಳಿತು. ಉಳಿದಿರುವ ಒಂದೇ ಮಿನಾರಿನ ಮೈಮೇಲೆ ಅಂಕುಡೊಂಕಾಗಿ ಏರುವ ಬಣ್ಣದ ಹೆಂಚುಗಳ ಸಾಲು ಈಗಲೂ ಅಲ್ಲಲ್ಲಿ ನೀಲಿಯಾಗಿ ಮಿನುಗುತ್ತದೆ. ಮಗ ಅದನ್ನು ನೋಡಿ, "ಅರ್ಧ ಅಳಿಸಿದ ಚಿತ್ರದ ಹಾಗಿದೆ" ಎಂದ.

ಕೋಟೆಯಲ್ಲಿ ನೋಡಲು ಬೇಕಾದಷ್ಟಿದೆ. ಬಂಡೆಯನ್ನು ಕಡಿದು ಮಾಡಿದ ಕಂದಕ, ಸೋಲಾ ಖಂಬ ಮಸೀದಿ, ತರ್ಕಶ್ ಮಹಲ್. ನಮಗಿದ್ದ ಸಮಯ ಒಂದೂವರೆ ಗಂಟೆ, ಅತ್ತೆಯ ಮೊಣಕಾಲು ಬೇರೆ. ಆದ್ದರಿಂದ ಒಂದೇ ಒಂದನ್ನು ಆರಿಸಿದೆವು: ರಂಗೀನ್ ಮಹಲ್. ಬಾಗಿಲಿಗೆ ಬೀಗವಿತ್ತು; ಕಾವಲಿನವರನ್ನು ಕೇಳಿಕೊಂಡಾಗ ತೆರೆದು ತೋರಿಸಿದರು. ಕೇಳದೆ ಮರಳಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಒಳಗಿನ ಬಾಗಿಲ ಚೌಕಟ್ಟಿನ ಸುತ್ತ ನುಣ್ಣಗಿನ ಕರಿಕಲ್ಲನ್ನು ಕೊರೆದು ಮುತ್ತಿನ ಚಿಪ್ಪಿನ ತುಣುಕುಗಳನ್ನು ಕೂರಿಸಿದ್ದಾರೆ. ಬಳ್ಳಿ, ಎಲೆ, ಅಕ್ಷರ, ಎಲ್ಲವೂ ಚಿಪ್ಪಿನಲ್ಲಿ. ಬೆಳಕು ಓರೆಯಾಗಿ ಬಿದ್ದಾಗ ಚಿಪ್ಪು ತಿಳಿಗುಲಾಬಿಗೂ ಹಸಿರಿಗೂ ತಿರುಗುತ್ತದೆ. ಹದಿನಾರನೆಯ ಶತಮಾನದಲ್ಲಿ ಬೀದರಿನ ಸುಲ್ತಾನ ಅಲಿ ಬರೀದನ ಕಾಲದಲ್ಲಿ ಆದ ಕೆಲಸ. ನಾನು ಅಲ್ಲಿ ನಿಂತು ಬೆರಗಾಗಿ ನೋಡಿದ್ದು ಚಿಪ್ಪನ್ನಲ್ಲ, ಕಲ್ಲನ್ನು. ಅಷ್ಟು ಕಪ್ಪಾದ ಹಿನ್ನೆಲೆ ಇಲ್ಲದಿದ್ದರೆ ಆ ಚಿಪ್ಪಿಗೆ ಆ ಮಾತು ಬರುತ್ತಿರಲಿಲ್ಲ. ಕಲ್ಲಿನಲ್ಲಿ ಚಿಪ್ಪು, ಲೋಹದಲ್ಲಿ ಬೆಳ್ಳಿ. ಈ ಊರಿನವರ ಕಣ್ಣಿಗೆ ಕಪ್ಪಿನ ಬೆಲೆ ಗೊತ್ತು ಎಂದು ಅಲ್ಲಿಯೇ ಅನಿಸಿತು.

ಈಗ ಕೊಳ್ಳುವ ವಿಷಯಕ್ಕೆ ಬರುತ್ತೇನೆ. ಮೊದಲು ಹೊಕ್ಕ ಅಂಗಡಿಯಲ್ಲಿ ಮೋಸ ಹೋಗುವುದರಲ್ಲಿದ್ದೆವು. ಗಾಜಿನ ಕಪಾಟಿನ ತುಂಬ ಆನೆ, ನವಿಲು, ಹೂದಾನಿ, ಕೀಲಿಗೊಂಚಲು. ಒಂದು ಡಬ್ಬಿಯನ್ನು ಕೈಗೆ ತೆಗೆದುಕೊಂಡರೆ ಹಕ್ಕಿಯ ಗೂಡಿನಷ್ಟು ಹಗುರ. ಸತುವಿನ ಸಾಂದ್ರತೆ ಅಲ್ಯುಮಿನಿಯಮ್ಮಿನದಕ್ಕಿಂತ ಎರಡೂವರೆ ಪಟ್ಟು ಹೆಚ್ಚು. ಬಿದರಿ ಕೈಯಲ್ಲಿ ಭಾರ ಕೂರಬೇಕು. ಅಡಿಯನ್ನು ಉಗುರಿನಿಂದ ಮೆಲ್ಲಗೆ ಗೀರಿದೆ, ಕಪ್ಪು ಬಣ್ಣ ಸಣ್ಣ ಸಿಪ್ಪೆಯಾಗಿ ಎದ್ದಿತು. ಬಿದರಿಯ ಕಪ್ಪು ಹಚ್ಚಿದ ಬಣ್ಣವಲ್ಲ, ಲೋಹದ ಮೈಯೇ ಕಪ್ಪಾದದ್ದು. ಅದು ಸಿಪ್ಪೆ ಏಳುವುದಿಲ್ಲ. ಹಗುರವಾದ ಸಾಮಾನನ್ನೂ ಬಣ್ಣ ಬಳಿದದ್ದನ್ನೂ ಅದೇ ಹೆಸರಿನಲ್ಲಿ ಮಾರುವುದನ್ನು ಕಂಡು ನನಗೆ ನಿಜವಾಗಿಯೂ ನೋವಾಯಿತು. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕಲೆ ಇದು. ಏನೂ ಮಾತಾಡದೆ ಹೊರಬಂದೆವು.

ಚೌಬಾರದ ಹತ್ತಿರ, ಊರಿನ ನಡುಮಧ್ಯೆ ನಿಂತಿರುವ ಆ ಹಳೆಯ ದುಂಡನೆಯ ಕಾವಲುಗೋಪುರದ ಬಳಿ, ಹಣ್ಣು ಮಾರುತ್ತಿದ್ದ ಹೆಂಗಸನ್ನು ಅತ್ತೆ ಕೇಳಿದರು: "ಬಿದರಿ ಮಾಡುವವರು ಎಲ್ಲಿ ಕೂರುತ್ತಾರಮ್ಮಾ? ಮಾರುವವರಲ್ಲ, ಮಾಡುವವರು." ಆಕೆ ತಕ್ಕಡಿ ಹಿಡಿದ ಕೈಯಿಂದಲೇ ಓಣಿ ತೋರಿಸಿ, "ಸುತ್ತಿಗೆಯ ಸಪ್ಪಳ ಕೇಳಿಸುತ್ತದೆ, ಅಲ್ಲಿ ನಿಲ್ಲಿರಿ" ಎಂದಳು. ಹಾಗೆಯೇ ಆಯಿತು.

ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆ. ನಾಲ್ವರು ಕೆಲಸಗಾರರು ನೆಲದ ಮೇಲೆ ಕೂತಿದ್ದರು. ಹಿರಿಯರನ್ನು ಉಳಿದವರು ಉಸ್ತಾದ್ ಎಂದು ಕರೆಯುತ್ತಿದ್ದರು. ಕೊಳ್ಳುತ್ತೀರಾ ಎಂದು ಅವರು ಕೇಳಲೇ ಇಲ್ಲ. ಅತ್ತೆಗೆ ಒಂದು ಸ್ಟೂಲು ಎಳೆದು ಕೊಟ್ಟು, "ಕೂತುಕೊಳ್ಳಿ ತಾಯಿ, ನೋಡಿ" ಎಂದರು. ಅವರ ಕನ್ನಡದಲ್ಲಿ ದಖನಿಯ ಎಳೆ ಇತ್ತು, ಕೇಳಲು ಬಲು ಹಿತವಾಗಿತ್ತು. ಅರ್ಧ ಗಂಟೆ ಎಂದುಕೊಂಡು ಕೂತವರು ಎರಡು ಗಂಟೆ ಕೂತೆವು.

ಎರಕ ಹೊಯ್ಯುವ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಸೇರಿಸಿ, ಮಣ್ಣಿನ ಅಚ್ಚಿನಲ್ಲಿ ಎರೆದ ಒರಟು ಡಬ್ಬಿಗಳು ಮೂಲೆಯಲ್ಲಿ ಸಾಲಾಗಿದ್ದವು. ಒಬ್ಬ ಹುಡುಗ ಅರದಿಂದ ಅವುಗಳ ಮೈ ನಯ ಮಾಡುತ್ತಿದ್ದ. ಉಸ್ತಾದರು ನಯವಾದ ಒಂದನ್ನು ಎತ್ತಿಕೊಂಡು, ಬಟ್ಟಲಿನಲ್ಲಿದ್ದ ನೀಲಿ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿದರು. ಬೂದು ಲೋಹ ಕಣ್ಣೆದುರೇ ಕಪ್ಪಾಯಿತು. ಮಗಳು ನನ್ನ ತೋಳು ಹಿಡಿದಳು. "ಅಮ್ಮಾ, ಮೈಲುತುತ್ತ! ಸ್ಥಾನಪಲ್ಲಟ ಕ್ರಿಯೆ!" ಹೌದು, ತಾಮ್ರದ ಸಲ್ಫೇಟ್. ದ್ರಾವಣದಲ್ಲಿದ್ದ ತಾಮ್ರವನ್ನು ಸತು ಹೊರದಬ್ಬಿ ತಾನು ಅದರ ಜಾಗಕ್ಕೆ ಹೋಗುತ್ತದೆ, ತಾಮ್ರ ಬಂದು ಮೇಲೆ ಕೂರುತ್ತದೆ. ಪರೀಕ್ಷಾನಳಿಕೆಯಲ್ಲಿ ಎಷ್ಟು ಸಲ ತೋರಿಸಿದ್ದೇನೋ ಲೆಕ್ಕವಿಲ್ಲ. ಆದರೆ ಇಲ್ಲಿ ಅದು ಕರಿಹಲಗೆಯಾಗಿತ್ತು. ಆ ಕಪ್ಪಿನ ಮೇಲೆ ಉಸ್ತಾದರು ಉಕ್ಕಿನ ಮೊನೆಯಿಂದ ನೇರವಾಗಿ ಬಳ್ಳಿ ಬರೆಯತೊಡಗಿದರು. ಕಾಗದವಿಲ್ಲ, ಅಚ್ಚಿಲ್ಲ, ಅಳತೆಪಟ್ಟಿ ಇಲ್ಲ. ಮುಚ್ಚಳದ ಸುತ್ತ ಹೊರಟ ಬಳ್ಳಿ ಹೊರಟ ಜಾಗಕ್ಕೇ ಬಂದು ಸರಿಯಾಗಿ ಕೂಡಿತು.

ಮುಂದಿನದು ಉಳಿಯ ಕೆಲಸ. ಡಬ್ಬಿಯನ್ನು ಮೇಣದಿಂದ ಅಲುಗದಂತೆ ನಿಲ್ಲಿಸಿ, ಗೀಟಿನ ಗುಂಟ ಸಣ್ಣ ಉಳಿಯಿಂದ ಕಾಲುವೆ ತೋಡುತ್ತಾರೆ. ಆ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನು ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕೂರಿಸುತ್ತಾರೆ. ಇದು ತಾರ್ಕಶಿ. ತಂತಿಯ ಬದಲು ಬೆಳ್ಳಿಯ ತೆಳು ತಗಡನ್ನು ಎಸಳಿನ ಆಕಾರಕ್ಕೆ ಕತ್ತರಿಸಿ ಕೂರಿಸಿದರೆ ತೈನಿಶಾನ್. ಅಂಟು ಹಾಕುವುದಿಲ್ಲ, ಬೆಸುಗೆ ಇಲ್ಲ. ಲೋಹ ಲೋಹವನ್ನು ಕಚ್ಚಿ ಹಿಡಿದಿರಬೇಕು. ನನ್ನ ಮಗನಿಗೆ ಒಂದು ಹಳೆಯ ತುಣುಕನ್ನೂ ಉಳಿಯನ್ನೂ ಕೊಟ್ಟು ಒಂದಂಗುಲ ಗೆರೆ ಕೊರೆಯಲು ಹೇಳಿದರು. ಹತ್ತು ನಿಮಿಷವಾದರೂ ಉಳಿ ಜಾರುತ್ತಲೇ ಇತ್ತು. ಎದುರು ಕೂತಿದ್ದ ಕೆಲಸಗಾರ ಅಷ್ಟರಲ್ಲಿ ಒಂದು ಇಡೀ ಹೂವನ್ನು ಮುಗಿಸಿದ್ದ. ಮಗ ಅವನ ಬೆರಳುಗಳನ್ನೇ ನೋಡುತ್ತಾ ಕೂತ.

ತಂತಿ ಕೂರಿಸಿದ ಮೇಲೆ ಮತ್ತೆ ಅರ ಹಾಕಿ ಉಜ್ಜುತ್ತಾರೆ. ಆಗ ಮೈಲುತುತ್ತದ ಕಪ್ಪು ಹೋಗಿ ಡಬ್ಬಿ ಪೂರ್ತಿ ಬೂದುಬಿಳುಪಾಗುತ್ತದೆ, ಅಷ್ಟು ಹೊತ್ತಿನ ಕೆಲಸವೆಲ್ಲ ಮಾಯವಾದಂತೆ. ಬೆಳ್ಳಿ ಯಾವುದು, ಸತು ಯಾವುದು ಎಂದು ಹತ್ತಿರ ಹಿಡಿದು ನೋಡಿದರೂ ಸುಲಭಕ್ಕೆ ತಿಳಿಯದು. ನನ್ನ ಎದೆ ಒಮ್ಮೆ ಧಸಕ್ ಎಂದಿತು. ಅಜ್ಜಿಯ ಡಬ್ಬಿಯನ್ನು ತೊಳೆದು ಬಾವಿಕಟ್ಟೆಯ ಮೇಲೆ ಇಟ್ಟಾಗ ಅದು ಹೀಗೆಯೇ ಕಂಡಿತ್ತು.

ಕೊನೆಗೆ ಉಸ್ತಾದರು ಒಂದು ತಗಡಿನ ಡಬ್ಬಿಯಿಂದ ಮಣ್ಣು ತೆಗೆದರು. ಕೋಟೆಯೊಳಗೆ ಬಿಸಿಲು ಮಳೆ ತಾಕದ ಹಳೆಯ ಕಟ್ಟಡಗಳ ಕತ್ತಲೆಯಿಂದ ತಂದ ಮಣ್ಣು. ಒಂದು ಚಿಟಿಕೆಯನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡು ತಲೆಯಾಡಿಸಿದರು. ಒಳ್ಳೆಯ ಮಣ್ಣನ್ನು ನಾಲಿಗೆಯೇ ಹೇಳಬೇಕಂತೆ. ಅದಕ್ಕೆ ನವಸಾಗರ, ನೀರು ಬೆರೆಸಿ ಕಾಯಿಸಿ, ಬಿಸಿ ಮಾಡಿದ ಡಬ್ಬಿಗೆ ಸವರಿ ಉಜ್ಜಿದರು. ಕೆಲವು ನಿಮಿಷ. ನೀರಿನಲ್ಲಿ ತೊಳೆದು ಎತ್ತಿದಾಗ ಡಬ್ಬಿ ಕಾಡಿಗೆಯಂತೆ ಕಪ್ಪಾಗಿತ್ತು. ಬೆಳ್ಳಿಗೆ ಮಾತ್ರ ಏನೂ ಆಗಿರಲಿಲ್ಲ. ಕಳೆದುಹೋಗಿದ್ದ ಬಳ್ಳಿ, ಹೂವು, ಎಲೆ ಎಲ್ಲವೂ ಒಮ್ಮೆಗೇ ಮರಳಿ ಬಂದವು. ಸತು ಬರೀ ಸತುವಾಗಿದ್ದರೆ ಈ ಕಪ್ಪು ಹುಟ್ಟುವುದಿಲ್ಲ. ಆ ಒಂದು ಪಾಲು ತಾಮ್ರ ಬೇಕೇ ಬೇಕು. ಇದನ್ನು ಪುಸ್ತಕದಲ್ಲಿ ಓದಿದ್ದೆ. ನೋಡುವುದೇ ಬೇರೆ. ಅತ್ತೆ ಕೈಮುಗಿದು, "ಪಾಂಡುರಂಗನ ಮೈಬಣ್ಣ ಇದು" ಎಂದರು. ಉಸ್ತಾದರು ನಕ್ಕು, ಶೇಂಗಾ ಎಣ್ಣೆ ಸವರಿದ ಬಟ್ಟೆಯಿಂದ ಡಬ್ಬಿಯನ್ನು ಒರೆಸಿ ಅವರ ಕೈಯಲ್ಲೇ ಇಟ್ಟರು. ಅದನ್ನೇ ಕೊಂಡೆವು.

ಇನ್ನು ಗುಣದೋಷ. ಎಲ್ಲರೂ ಬೆಳ್ಳಿ ಎಷ್ಟಿದೆ ಎಂದು ನೋಡಿ ಕೊಳ್ಳುತ್ತಾರೆ. ನಾನು ಹೇಳುವುದು, ಕಪ್ಪನ್ನು ನೋಡಿ. ಅದು ಎಲ್ಲ ಕಡೆ ಒಂದೇ ಸಮನಾಗಿದೆಯೇ, ಮುಚ್ಚಳದ ಒಳ ಅಂಚಿನಲ್ಲಿಯೂ ತಿರುವಿನಲ್ಲಿಯೂ ಅಷ್ಟೇ ಗಾಢವೇ, ಕಂದು ಮಚ್ಚೆಗಳಿವೆಯೇ. ನಮ್ಮ ಡಬ್ಬಿಯಲ್ಲಿ ಕಪ್ಪು ಮೂರು ತಿಂಗಳಾದರೂ ಒಂದು ಕೂದಲೆಳೆಯಷ್ಟೂ ಮಾಸಿಲ್ಲ. ದಿನವೂ ಹಿಡಿಯುವ ಬದಿಯಲ್ಲಿ ಇನ್ನಷ್ಟು ಮಿರುಗು ಬಂದಿದೆ. ಬೆರಳಾಡಿಸಿದರೆ ತಂತಿಯ ಏರು ತಗ್ಗು ತಿಳಿಯುವುದಿಲ್ಲ. ಕಣ್ಣು ಮುಚ್ಚಿ ಮುಟ್ಟಿದರೆ ಬರೀ ನುಣುಪು. ಒಂದೇ ಒಂದು ಕಡೆ, ಹೂವಿನ ಕೆಳಗಿನ ಎಲೆಯ ತುದಿಯಲ್ಲಿ, ತಂತಿಯ ಕೊನೆ ಕೂದಲಿನಷ್ಟು ಎದ್ದಿದೆ. ನನ್ನ ಹತ್ತಿ ಸೀರೆಯ ಸೆರಗಿಗೆ ಎರಡು ಸಲ ಸಿಕ್ಕಿತು. ಮುಚ್ಚಳ ಮೊದಲ ತಿಂಗಳು ಬಿಗಿಯಾಗಿತ್ತು, ಅತ್ತೆಗೆ ತೆರೆಯಲು ಕಷ್ಟವಾಗುತ್ತಿತ್ತು, ಈಗ ಸರಿಹೋಗಿದೆ. ಒಳಗೆ ಅಂಟಿಸಿದ್ದ ಕೆಂಪು ಮಖಮಲ್ಲು ಒಂದು ಬದಿಯಲ್ಲಿ ಬಿಟ್ಟುಕೊಂಡಿದೆ. ಅದು ಇಲ್ಲದಿದ್ದರೇ ಚೆನ್ನ, ಒಳಗಿನ ಕಪ್ಪನ್ನು ಏಕೆ ಮುಚ್ಚಬೇಕು? ಕಟ್ಟಿಕೊಟ್ಟದ್ದು ಹಳೆಯ ಪತ್ರಿಕೆಯಲ್ಲಿ. ಇಂಥ ಕೆಲಸಕ್ಕೆ ಒಂದು ಗಟ್ಟಿ ರಟ್ಟಿನ ಪೆಟ್ಟಿಗೆಯೂ, ಹೇಗೆ ಕಾಪಾಡಬೇಕೆಂದು ಕನ್ನಡದಲ್ಲಿ ನಾಲ್ಕು ಸಾಲು ಬರೆದ ಚೀಟಿಯೂ ಇರಬೇಕು. ಆ ಚೀಟಿ 1950ರ ದಶಕದಲ್ಲಿ ಇದ್ದಿದ್ದರೆ ನಮ್ಮ ಮನೆಯಲ್ಲಿ ಆದದ್ದು ಆಗುತ್ತಿರಲಿಲ್ಲ.

ಚೀಟಿ ಇಲ್ಲದವರಿಗಾಗಿ, ಉಸ್ತಾದರು ಹೇಳಿದ್ದಕ್ಕೆ ನನ್ನ ರಸಾಯನಶಾಸ್ತ್ರವನ್ನೂ ಸೇರಿಸಿ ಹೇಳುತ್ತೇನೆ. ಹುಣಸೆ, ನಿಂಬೆ, ವಿನೆಗರ್, ಬೆಳ್ಳಿ ತೊಳೆಯುವ ಪುಡಿ, ಹಲ್ಲುಜ್ಜುವ ಪೇಸ್ಟ್ ಇವು ಯಾವುವೂ ತಾಕಬಾರದು. ಬೆಳ್ಳಿ ಮಂಕಾದರೆ ಮೆತ್ತನೆಯ ಒಣಬಟ್ಟೆಯಿಂದ ಒರೆಸಿ, ಎರಡು ಹನಿ ಕೊಬ್ಬರಿ ಎಣ್ಣೆ ಸವರಿ ಮತ್ತೆ ಒರೆಸಿದರೆ ಸಾಕು. ತಿನ್ನುವ ಪದಾರ್ಥ ಇಡಬೇಡಿ, ಹುಳಿಯಂತೂ ಬೇಡವೇ ಬೇಡ. ಅತ್ತೆ ಅದರಲ್ಲಿ ಪಂಢರಪುರದಿಂದ ತಂದ ಬುಕ್ಕಿಟ್ಟನ್ನು ಇಟ್ಟುಕೊಂಡಿದ್ದಾರೆ. ಒಣಪುಡಿ, ಡಬ್ಬಿಗೂ ಅದಕ್ಕೂ ಜಗಳವಿಲ್ಲ. ಬೆಳಿಗ್ಗೆ ಮುಚ್ಚಳ ತೆರೆದು ಹಣೆಗಿಟ್ಟುಕೊಳ್ಳುವಾಗ ಬೆರಳಿನ ಕಪ್ಪೂ ಡಬ್ಬಿಯ ಕಪ್ಪೂ ಒಂದೇ ಆಗಿರುತ್ತದೆ.

ಬೆಲೆಯ ಬಗ್ಗೆ ಚೌಕಾಸಿ ಮಾಡಲಿಲ್ಲ. ಮೊದಲ ಅಂಗಡಿಯಲ್ಲಿ ಬಣ್ಣ ಬಳಿದ ಹಗುರ ಡಬ್ಬಿಗೆ 1,500 ಹೇಳಿದ್ದರು. ಇಲ್ಲಿ 2,600ರೊಳಗೆ ಬೆಳ್ಳಿ ಇದೆ, ನಾಲ್ಕು ಜನರ ಕೈ ಇದೆ, ಕೋಟೆಯ ಮಣ್ಣು ಇದೆ. ಗೋಡೆಯ ಮೇಲೆ ಒಂದು ಪತ್ರಿಕೆಯ ತುಣುಕನ್ನು ಅಂಟಿಸಿದ್ದರು: ಇದೇ ಊರಿನ ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದ ಸುದ್ದಿ. ಅರ ಹಾಕುತ್ತಿದ್ದ ಹುಡುಗ ಅದನ್ನು ತೋರಿಸುವಾಗ ಅವನ ಮುಖ ಅರಳಿತ್ತು. ಅವನ ಜೊತೆಯವರೆಲ್ಲ ಬೇರೆ ಕೆಲಸಕ್ಕೆ ಹೈದರಾಬಾದಿಗೆ ಹೋದರಂತೆ. ನಾವು ಹೈದರಾಬಾದಿನಿಂದ ಬಂದವರು ಎಂದು ಹೇಳಲು ನನಗೆ ಆ ಕ್ಷಣ ಮನಸ್ಸಾಗಲಿಲ್ಲ.

ಹೊರಡುವ ಮೊದಲು ಅಜ್ಜಿಯ ಡಬ್ಬಿಯ ವಿಷಯ ಹೇಳಿದೆ. ಹುಣಸೆಹಣ್ಣು ಎಂದಾಗ ನಾಲ್ವರೂ ಕೆಲಸ ನಿಲ್ಲಿಸಿ ನನ್ನತ್ತ ನೋಡಿದರು. ಉಸ್ತಾದರು ಕೇಳಿದ್ದು ಎರಡೇ ಪ್ರಶ್ನೆ. "ಬೆಳ್ಳಿ ಉದುರಿದೆಯೇ? ಡಬ್ಬಿ ಬಿರುಕು ಬಿಟ್ಟಿದೆಯೇ?" ಇಲ್ಲ ಎಂದೆ. "ಹಾಗಿದ್ದರೆ ಏನೂ ಆಗಿಲ್ಲ ಅಮ್ಮಾ. ಕಪ್ಪು ಮಾತ್ರ ಹೋಗಿದೆ. ತಂದುಕೊಡಿ, ಮತ್ತೆ ಹಾಕಿ ಕೊಡುತ್ತೇನೆ. ಅದು ಇಲ್ಲಿಯದೇ ಮಣ್ಣು." ಇಪ್ಪತ್ತೊಂಬತ್ತು ವರ್ಷಗಳಿಂದ ಅದು ಹಾಳಾಯಿತೆಂದೇ ನಂಬಿದ್ದೆ. ಕಾರಿನಲ್ಲಿ ಕೂತ ಮೇಲೆ ಸ್ವಲ್ಪ ಹೊತ್ತು ಮಾತಾಡಲಾಗಲಿಲ್ಲ. ಹುಮನಾಬಾದಿನ ಹತ್ತಿರ ಮತ್ತೆ ಹೆದ್ದಾರಿ ಸೇರಿದಾಗ ಮಧ್ಯಾಹ್ನ ಮೂರೂವರೆ. ಪಂಢರಪುರದಲ್ಲಿ ಆ ರಾತ್ರಿ ದರ್ಶನದ ಸಾಲು ಸಿಗಲಿಲ್ಲ, ಮರುದಿನ ನಸುಕಿನಲ್ಲಿ ಸಿಕ್ಕಿತು. ಅತ್ತೆ ಒಂದು ಮಾತೂ ಆಡಲಿಲ್ಲ.

ಊಟದ ಬಗ್ಗೆ ಕೇಳುವವರಿಗೆ: ಬಸ್ ನಿಲ್ದಾಣದ ಕಡೆಯ ಒಂದು ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಉಂಡೆವು. ಹಸಿವಿಗೆ ತಕ್ಕ ರುಚಿ. ಪುಂಡಿ ಪಲ್ಯದ ಹುಳಿ ಮಾತ್ರ ಇನ್ನೂ ನಾಲಿಗೆಯಲ್ಲಿದೆ.

ಕಳೆದ ವಾರ ಧಾರವಾಡದಿಂದ ಅಣ್ಣ ಅಜ್ಜಿಯ ಡಬ್ಬಿಯನ್ನು ಕಳುಹಿಸಿದ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿತ್ತು. ಮುಚ್ಚಳ ತೆರೆದರೆ ಅಡಿಕೆಯ ವಾಸನೆ ಇನ್ನೂ ಇದೆ. ಹೊಸ ಡಬ್ಬಿಯ ಪಕ್ಕದಲ್ಲಿಟ್ಟು ನೋಡಿದೆ, ಎರಡರ ಮೇಲೂ ಬಳ್ಳಿ ಎಡದಿಂದಲೇ ಏರುತ್ತದೆ. ಸಂಕ್ರಾಂತಿಯ ರಜೆಗೆ ಇನ್ನು ಒಂಬತ್ತು ದಿನ. ಈ ಸಲ ಜಹೀರಾಬಾದಿನಲ್ಲಿ ಚಹಾಕ್ಕೆ ನಿಲ್ಲಿಸುವುದಿಲ್ಲ, ನೇರವಾಗಿ ಬಲಕ್ಕೆ ತಿರುಗುತ್ತೇವೆ.